"ಪಾಸಾದ್ರೆ ಸಾಕು" ಅನ್ನೋ ಮಾತು

ಹೋದ ಭಾನುವಾರ ನಾನೊಂದು ತಪ್ಪು ಮಾಡಿದೆ. ಅದನ್ನ ಹೇಳಿಕೊಳ್ಳೋಕೆ ಈ ಪೋಸ್ಟ್. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನಮ್ಮ ಕೇರಿಯ ಅಂಬೇಡ್ಕರ್ ಭವನದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಪಾಠ ಮಾಡ್ತೀವಿ, ನಿಮ್ಮಲ್ಲಿ ಹಲವರಿಗೆ ಗೊತ್ತು. ಈ ಸಲ ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಯೊಬ್ಬಳು ಅಂಕಪಟ್ಟಿ ಹಿಡ್ಕೊಂಡು ಬಂದಿದ್ಲು. ಗಣಿತ 88, ವಿಜ್ಞಾನ 84. ಅವರವ್ವ ಗಾರೆ ಕೆಲಸಕ್ಕೆ ಹೋಗ್ತಾರೆ. "ಅಣ್ಣ, ಪಿಯುಸಿಗೆ ಸೈನ್ಸ್ ತಗೊಳ್ಲಾ?" ಅಂದ್ಲು. ಅಂಕಪಟ್ಟಿ ಸರಿಯಾಗಿ ನೋಡೋಕೂ ಮುಂಚೆ ನನ್ನ ಬಾಯಿಂದ ಬಂದಿದ್ದು ಇದು: "ಯಾಕವ್ವ ಸೈನ್ಸು, ಕಷ್ಟ ಆಯ್ತದೆ. ಆರ್ಟ್ಸ್ ತಗೊ, ಡಿಗ್ರಿ ಮುಗಿಸ್ಕೊ, ಎಫ್‌ಡಿಎ ಪರೀಕ್ಷೆ ಬರಿ. ನಾನು ಹೇಳ್ಕೊಡ್ತೀನಿ."

ಅವಳು ಅಂಕಪಟ್ಟಿ ಮಡಚಿ ಕವರಿಗೆ ಹಾಕ್ಕೊಂಡ್ಲು. "ನಮ್ ಮೇಷ್ಟ್ರೂ ಇದನ್ನೇ ಹೇಳುದ್ರು ಅಣ್ಣ" ಅಂದ್ಲು. ಅಷ್ಟೆ.

ಆ ಮೇಷ್ಟ್ರು ಯಾವ ಜಾತಿಯೋರು ಅಂತ ಕೇಳೋಕೆ ನನಗೆ ಬಾಯಿ ಇರಲಿಲ್ಲ. ಯಾಕಂದ್ರೆ ಅದೇ ಮಾತನ್ನ ಈಗ ತಾನೆ ನಾನೇ ಹೇಳಿದ್ದೆ, ಬಾಬಾಸಾಹೇಬರ ಫೋಟೊ ಕೆಳಗೆ ಕೂತ್ಕೊಂಡು.

ನನ್ನದೇ ಹಳೇ ಕತೆ ಒಂದಿದೆ. ಎಂಟನೇ ಕ್ಲಾಸಿನಲ್ಲಿ ಗಣಿತದ ಟೆಸ್ಟಿಗೆ 25ಕ್ಕೆ 23 ತೆಗೆದಿದ್ದೆ. ಪೇಪರ್ ಕೊಡುವಾಗ ಮೇಷ್ಟ್ರು ಇಡೀ ಕ್ಲಾಸಿನ ಮುಂದೆ, "ಯಾರ್ದ್ ನೋಡಿ ಬರ್ದೆ?" ಅಂದ್ರು. ಎಲ್ರೂ ನಕ್ಕರು. ನಾನೂ ನಕ್ಕೆ, ಬೇರೆ ಏನು ಮಾಡಬೇಕು ಗೊತ್ತಾಗಲಿಲ್ಲ. ಮುಂದಿನ ಟೆಸ್ಟಲ್ಲಿ ಬರ್ತಿದ್ದ ಲೆಕ್ಕಗಳನ್ನೇ ಬಿಟ್ಟು ಬಂದೆ. 14 ಬಂತು. "ಇದು ನಿನ್ನ ನಿಜವಾದ ಮಾರ್ಕ್ಸು" ಅಂದ್ರು. ಆಮೇಲೆ ನನ್ನನ್ನ ಯಾರೂ ಏನೂ ಕೇಳಲಿಲ್ಲ. ಕಡಿಮೆ ಬಂದ್ರೆ ಯಾರೂ ಕೇಳಲ್ಲ ಅನ್ನೋದು ಆ ವರ್ಷ ನಾನು ಚೆನ್ನಾಗಿ ಕಲಿತ ಪಾಠ. ಗಣಿತ ಅಲ್ಲಿಗೆ ಮುಗೀತು.

ಇದು ನನ್ನೊಬ್ಬನ ಹಣೆಬರಹ ಅಂತ ಬಹಳ ವರ್ಷ ಅಂದ್ಕೊಂಡಿದ್ದೆ. ಅಲ್ಲ. ಉತ್ತರ ಪ್ರದೇಶದ ಹಳ್ಳಿ ಹುಡುಗರ ಮೇಲೆ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದ್ರು. 2004ರಲ್ಲಿ ವಿಶ್ವಬ್ಯಾಂಕ್ ಅದನ್ನ ಪ್ರಕಟಿಸಿತು. ಮೇಲ್ಜಾತಿಯ 321 ಹುಡುಗರು, ಕೆಳಜಾತಿ ಅನಿಸಿಕೊಂಡ 321 ಹುಡುಗರು. ಕಾಗದದ ಮೇಲೆ ದಾರಿ ಹುಡುಕೋ ಒಗಟು ಬಿಡಿಸಬೇಕು, ಬಿಡಿಸಿದಷ್ಟಕ್ಕೆ ದುಡ್ಡು. ಜಾತಿ ಮಾತೇ ಎತ್ತದೆ ಕೂರಿಸಿದಾಗ ಎರಡೂ ಕಡೆಯ ಹುಡುಗರು ಸಮಸಮ ಬಿಡಿಸಿದ್ರು. ಇನ್ನು ಕೆಲವು ಗುಂಪುಗಳಲ್ಲಿ ಶುರು ಮಾಡೋ ಮುಂಚೆ ಪ್ರತಿ ಹುಡುಗನ ಹೆಸರು, ಊರು, ಅಪ್ಪನ ಹೆಸರು, ತಾತನ ಹೆಸರು, ಜಾತಿ ಎಲ್ಲರೆದುರು ಓದಿದ್ರು. ಅಲ್ಲಿ ನಮ್ಮ ಹುಡುಗರು ಹಿಂದೆ ಬಿದ್ದರು. ಅದೇ ವಯಸ್ಸು, ಅದೇ ಒಗಟು, ಅದೇ ದುಡ್ಡು. ಬದಲಾಗಿದ್ದು ಒಂದೇ, ಜಾತಿ ಕೂಗಿದ್ದು.

ಈಗ ನಿಮ್ಮ ಶಾಲೆ ನೆನಪು ಮಾಡ್ಕೊಳಿ. "ಎಸ್ಸಿ ಎಸ್ಟಿ ಹುಡುಗ್ರೆಲ್ಲ ಎದ್ ನಿಂತ್ಕೊಳ್ಳಿ, ಸ್ಕಾಲರ್‌ಶಿಪ್ ಫಾರಂ ಬಂದದೆ." ಎಷ್ಟು ಸಲ ಎದ್ದು ನಿಂತಿಲ್ಲ ನಾವು? ಆ ಪ್ರಯೋಗ ಮಾಡೋಕೆ ಉತ್ತರ ಪ್ರದೇಶದ ತನಕ ಹೋಗೋದೇ ಬೇಕಿರಲಿಲ್ಲ. ನಮ್ಮ ಕ್ಲಾಸುಗಳಲ್ಲಿ ವರ್ಷವರ್ಷಾನೂ ನಡೀತಿತ್ತು. ಈಗಲೂ ಎಷ್ಟೋ ಕಡೆ ನಡೀತಿದೆ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನ ಶೌಚಗುಂಡಿ ಸ್ವಚ್ಛ ಮಾಡೋಕೆ ಇಳಿಸಿದ ಸುದ್ದಿ ನೋಡಿ ನಾವೆಲ್ಲ ಬೀದಿಗೆ ಬಂದ್ವಿ, ಬರಲೇಬೇಕಿತ್ತು. ಆದ್ರೆ ಗುಂಡಿಗೆ ಇಳಿಸದೇನೂ ಮಗುವನ್ನ ಕೆಳಗೆ ಇಳಿಸೋದು ಸಾಧ್ಯ. ಅದಕ್ಕೆ ಎಫ್ಐಆರ್ ಆಗಲ್ಲ, ಫೋಟೊ ಇರಲ್ಲ.

ಇನ್ನೊಂದು ಅಧ್ಯಯನ ಇದೆ. ಇದು ನಮಗೆ ಚುಚ್ಚುತ್ತೆ. ರೀಮಾ ಹನ್ನಾ ಮತ್ತು ಲೀ ಲಿಂಡೆನ್ ಅನ್ನೋರು 2012ರಲ್ಲಿ ಪ್ರಕಟಿಸಿದ್ದು. ಇಂಡಿಯಾದ ಒಂದು ನಗರದಲ್ಲಿ ಮಕ್ಕಳಿಗೆ ಪರೀಕ್ಷೆ ಮಾಡಿ, ಉತ್ತರ ಪತ್ರಿಕೆಗಳ ಮುಖಪುಟದಲ್ಲಿ ಸುಮ್ಮನೆ ಯಾವುದೋ ಜಾತಿ ಬರೆದು ಟೀಚರುಗಳ ಕೈಗೆ ಕೊಟ್ಟರು. ಕೆಳಜಾತಿ ಅಂತ ಬರೆದಿದ್ದ ಪತ್ರಿಕೆಗೆ ಅಂಕ ಸ್ವಲ್ಪ ಕಡಿಮೆ ಬಿತ್ತು. ವ್ಯತ್ಯಾಸ ದೊಡ್ಡದೇನಲ್ಲ. ಆದ್ರೆ ಹಾಗೆ ಕಡಿಮೆ ಹಾಕಿದವರು ಮುಖ್ಯವಾಗಿ ಕೆಳಜಾತಿಗೆ ಸೇರಿದ ಟೀಚರುಗಳೇ!

ಇದನ್ನ ಹಿಡ್ಕೊಂಡು "ನೋಡಿ, ಮೇಲ್ಜಾತಿಯೋರು ತಪ್ಪೇ ಮಾಡಲ್ಲ" ಅಂತ ಕುಣಿಯೋರಿಗೆ ನಾನು ಇದನ್ನ ಬರೀತಿಲ್ಲ. ಅದು ಒಂದು ನಗರದ ಒಂದು ಪ್ರಯೋಗ. ನಾನು ಹೇಳ್ತಿರೋದು ನಮ್ಮ ಬಗ್ಗೆ. ನನ್ನ ಗಣಿತದ ಮೇಷ್ಟ್ರು ನನ್ನೊಳಗೆ ಬಿಟ್ಟು ಹೋದ ಆ ಅಳತೆಗೋಲು ಇವತ್ತಿಗೂ ನನ್ನ ಹತ್ರ ಇದೆ. ಹೋದ ಭಾನುವಾರ ಅದರಲ್ಲೇ ಆ ಹುಡುಗೀನ ಅಳೆದೆ. ಪ್ರೀತಿಯಿಂದಲೇ ಅಳೆದೆ. "ಸೋತುಬಿಟ್ರೆ ಪಾಪ" ಅನ್ನೋ ಕಾಳಜಿ. ಆದ್ರೆ ಮೇಷ್ಟ್ರ ತಾತ್ಸಾರ, ನನ್ನ ಕಾಳಜಿ ಎರಡೂ ಸೇರಿ ಅವಳಿಗೆ ಹೇಳಿದ್ದು ಒಂದೇ ಮಾತು, ನಿನ್ನ ಕೈಲಿ ಆಗಲ್ಲ ಅಂತ.

ಅದಕ್ಕೇ ಈ "ಆತ್ಮವಿಶ್ವಾಸ ಬೆಳೆಸಿಕೊಳ್ಳಿ" ಭಾಷಣಗಳ ಮೇಲೆ ನನಗೆ ಸಿಟ್ಟು. ಹಾಸ್ಟೆಲ್ ಮಕ್ಕಳನ್ನ ಸಾಲಾಗಿ ಕೂರಿಸಿ, "ಮನಸ್ಸಿದ್ದರೆ ಮಾರ್ಗ" ಅಂತ ಎರಡು ಗಂಟೆ ಮಾತಾಡಿ, ಹಾರ ಹಾಕಿಸ್ಕೊಂಡು ಹೋಗ್ತಾರೆ. ಮಗೂಗೆ ವಿಶ್ವಾಸ ಇಲ್ಲ ಅಂತ ಮಗೂನೇ ಬೈದಂಗೆ. ಅದನ್ನ ಕಿತ್ಕೊಂಡವರು ಯಾರು ಅಂತ ಒಬ್ಬರೂ ಕೇಳಲ್ಲ.

ಬಾಬಾಸಾಹೇಬರ ಉದಾಹರಣೆ ಕೊಡ್ತಾರೆ, "ಅವರು ಛಲದಿಂದ ಓದಲಿಲ್ವಾ?" ಅಂತ. ಓದಿದ್ರು. ಮನೆಯಿಂದ ಗೋಣಿತಟ್ಟು ತಗೊಂಡು ಹೋಗಿ ಬೇರೆ ಕೂತು ಓದಿದ್ರು. ಜವಾನ ಬಂದು ನೀರು ಹಾಕದಿದ್ದ ದಿನ ಬಾಯಾರಿಕೊಂಡೇ ಕೂತಿದ್ರು. ಆದ್ರೆ 1907ರಲ್ಲಿ ಮೆಟ್ರಿಕ್ ಪಾಸಾದಾಗ ಕೇಳೂಸ್ಕರ್ ಅನ್ನೋ ಮೇಷ್ಟ್ರು ತಾವೇ ಬರೆದ ಬುದ್ಧನ ಚರಿತ್ರೆಯನ್ನ ಅವರ ಕೈಗೆ ಕೊಟ್ಟರು. ಮುಂದೆ ಬರೋಡಾ ಮಹಾರಾಜರ ವಿದ್ಯಾರ್ಥಿವೇತನಕ್ಕೂ ದಾರಿ ಮಾಡಿದ್ರು. "ಪಾಸಾಯ್ತಲ್ಲ, ಸಾಕು ಬಿಡಪ್ಪ" ಅನ್ನಲಿಲ್ಲ. ಛಲ ಬಾಬಾಸಾಹೇಬರದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮಗುವಿನ ಮುಂದೆ ದಾರಿ ಇದೆ ಅಂತ ನಂಬಿ, ಆ ನಂಬಿಕೆಗೆ ಪುಸ್ತಕ, ದುಡ್ಡು ಎರಡನ್ನೂ ಜೋಡಿಸೋ ಒಬ್ಬರು ಬೇಕು. ಬರೀ ನಂಬಿಕೆ ಹೊಟ್ಟೆ ತುಂಬಿಸಲ್ಲ, ಫೀಸೂ ಕಟ್ಟಲ್ಲ.

ಕೆಲವರು ಕೇಳಬಹುದು, "ಹಂಗಾದ್ರೆ ಜಾತಿ ಮುಚ್ಚಿಡು ಅಂತೀಯಾ? ಜೈ ಭೀಮ್ ಅಂತ ಎದೆ ತಟ್ಟಿ ಹೇಳೋರು ನಾವು." ಇಲ್ಲ ಕಣ್ರಪ್ಪ. ನಾನಾಗಿ ಜೈ ಭೀಮ್ ಅನ್ನೋದು ಬೇರೆ, ಮೇಷ್ಟ್ರು ಪಟ್ಟಿ ಹಿಡ್ಕೊಂಡು ನನ್ನನ್ನ ಎದ್ದು ನಿಲ್ಲಿಸೋದು ಬೇರೆ. ಒಂದರಲ್ಲಿ ತಲೆ ಎತ್ತುತ್ತೆ, ಇನ್ನೊಂದರಲ್ಲಿ ತಗ್ಗುತ್ತೆ. ಮೀಸಲಾತಿ ನಮ್ಮ ಹಕ್ಕು, ಅದಕ್ಕೆ ದಾಖಲೆ ಬೇಕು. ದಾಖಲೆ ಇರಬೇಕಾದ್ದು ಕಚೇರಿಯ ಕಡತದಲ್ಲಿ. ಗುಮಾಸ್ತನಾಗಿ ಹೇಳ್ತೀನಿ, ಜಾತಿ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿದ್ರೆ ಸ್ಕಾಲರ್‌ಶಿಪ್ ಅರ್ಜಿ ಆನ್‌ಲೈನಲ್ಲೇ ಮುಂದೆ ಹೋಗುತ್ತೆ. ಅದಕ್ಕೆ ಕ್ಲಾಸಿನಲ್ಲಿ ಯಾವ ಮಗುವೂ ಎದ್ದು ನಿಲ್ಲಬೇಕಾಗಿಲ್ಲ.

ಹಾಗಾಗಿ ಮೂರು ಕೆಲಸ. ಒಂದು, ನಿಮ್ಮೂರಿನ ಶಾಲೆಗೆ ಹೋಗಿ ಹೆಡ್ಮೇಷ್ಟ್ರನ್ನ ಕಂಡು, ಕ್ಲಾಸಿನಲ್ಲಿ ಜಾತಿ ಕೂಗಬೇಡಿ ಅಂತ ಮನವಿ ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸ್ಕೊಳ್ಳಿ. ಎರಡು, ಎಸ್‌ಡಿಎಂಸಿಯಲ್ಲಿ ನಮ್ಮೋರು ಇದ್ದರೆ ಊಟ, ಕಟ್ಟಡದ ಲೆಕ್ಕದ ಜೊತೆಗೆ ಯಾವ ಮಗೂನ ಯಾವ ಬೆಂಚಲ್ಲಿ ಕೂರಿಸ್ತಾರೆ, ಯಾರಿಗೆ ಪ್ರಶ್ನೆ ಕೇಳ್ತಾರೆ ಅಂತಾನೂ ಕೇಳಿ. ಮೂರು, ಇದು ಕಷ್ಟದ್ದು. "ಪಾಸಾದ್ರೆ ಸಾಕು", "ಕೋಟಾ ಇದೆಯಲ್ಲ" ಅನ್ನೋ ಮಾತನ್ನ ನಾವು ನಮ್ಮ ಮಕ್ಕಳಿಗೆ ಹೇಳೋದು ನಿಲ್ಲಿಸೋಣ.

ನಿನ್ನೆ ಸಂಜೆ ಆಫೀಸ್ ಮುಗಿಸ್ಕೊಂಡು ಆ ಹುಡುಗಿ ಮನೆಗೆ ಹೋಗಿದ್ದೆ. "ನಾನು ಹೇಳಿದ್ದು ತಪ್ಪು ಕಣವ್ವ, ಸೈನ್ಸ್ ತಗೊ" ಅಂದೆ. ಅವಳು ನನ್ನನ್ನೇ ನೋಡಿದ್ಲು. "ಅರ್ಥ ಆಗ್ದೆ ಇದ್ರೆ ಯಾರ್ ಹೇಳ್ಕೊಡ್ತಾರೆ ಅಣ್ಣ?" ಅಂತ ಕೇಳಿದ್ಲು. ಸರಿಯಾದ ಪ್ರಶ್ನೆ. ನಾನು ಬಿಎ, ನನ್ನ ಗಣಿತ ಎಂಟನೇ ಕ್ಲಾಸಲ್ಲೇ ನಿಂತುಹೋಗಿದೆ.

ಅದಕ್ಕೆ ಈ ಪೋಸ್ಟ್ ಓದ್ತಿರೋ ಇಂಜಿನಿಯರುಗಳು, ಬಿಎಸ್ಸಿ, ಎಂಎಸ್ಸಿ ಮಾಡಿದ ಗೆಳೆಯರೇ, ಲೈಕ್ ಒತ್ತಿ ಹೋಗಬೇಡಿ. ಫಿಸಿಕ್ಸ್, ಮ್ಯಾಥ್ಸ್ ಹೇಳಿಕೊಡೋರು ಇಬ್ಬರು ಬೇಕು. ಭಾನುವಾರ ಎರಡು ಗಂಟೆ, ಎರಡು ವರ್ಷ. ಆನ್‌ಲೈನಾದ್ರೂ ಸರಿ. ಅಡ್ಮಿಷನ್ನಿಗೆ ಇನ್ನು ನಾಲ್ಕೇ ದಿನ ಇದೆ, ಅಷ್ಟರೊಳಗೆ ಅವಳಿಗೆ ಒಂದು ಹೆಸರು ಹೇಳಬೇಕು. ಇನ್‌ಬಾಕ್ಸಿಗೆ ಬನ್ನಿ.

ಜೈ ಭೀಮ್.