ಮೊಲದ ಶಸ್ತ್ರಕ್ರಿಯೆ ಮತ್ತು ವೈದ್ಯರ ಆಯ್ಕೆ

ಮನೆಯಲ್ಲಿ ಸಾಕುವ ಪ್ರಾಣಿಗಳಲ್ಲಿ ಮೊಲದಷ್ಟು ಮೌನಿಯಾದುದು ಅಪರೂಪ. ನೋವಾದರೆ ನಾಯಿ ನರಳುತ್ತದೆ, ಬೆಕ್ಕು ಸಿಡುಕುತ್ತದೆ, ಹಸು ಮೇವು ಬಿಟ್ಟು ನಿಂತರೆ ಮನೆಮಂದಿಗೆಲ್ಲ ತಿಳಿಯುತ್ತದೆ. ಮೊಲವಾದರೋ ಹದ್ದು ನರಿಗಳ ಕಣ್ಣಿಗೆ ಬೀಳದಂತೆ ಬದುಕಬೇಕಾದ ಪ್ರಾಣಿ. ಆದುದರಿಂದ ಅದು ತನ್ನ ದೌರ್ಬಲ್ಯವನ್ನು ಹೊರಗೆ ತೋರಗೊಡದೆ ಮೂಲೆಯಲ್ಲಿ ಮುದುಡಿ ಕುಳಿತುಬಿಡುತ್ತದೆ. ಇಂಥ ಮೂಕಜೀವಿಯನ್ನು ಶಸ್ತ್ರಕ್ರಿಯೆಗೆ ಒಪ್ಪಿಸಬೇಕಾದಾಗ ಅದರ ಪರವಾಗಿ ಮಾತನಾಡುವ ಹೊಣೆ ಪೂರ್ಣವಾಗಿ ಸಾಕಿದವರ ಮೇಲೆ ಬೀಳುತ್ತದೆ.

ಹೆಣ್ಣುಮೊಲದ ಸಂತಾನಹರಣ ಶಸ್ತ್ರಕ್ರಿಯೆಯ ವಿಷಯದಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಮೊಲ ಬಹಳ ನಾಜೂಕಿನ ಪ್ರಾಣಿ, ಅರಿವಳಿಕೆ ಕೊಟ್ಟರೆ ಸತ್ತೇಹೋಗುತ್ತದೆ, ಅದರ ಗೊಡವೆಯೇ ಬೇಡ ಎಂಬುದು ಒಂದು. ನಾಯಿಗೆ ಮಾಡಬಲ್ಲವರು ಮೊಲಕ್ಕೂ ಮಾಡಬಲ್ಲರು, ಮನೆಗೆ ಹತ್ತಿರವಿರುವ ಯಾವ ಪಶುವೈದ್ಯರಾದರೂ ಆದೀತು ಎಂಬುದು ಇನ್ನೊಂದು. ಇವೆರಡೂ ಸರಿಯಲ್ಲ. ಮೊಲದ ಸುರಕ್ಷತೆಯು ಅದರ ಹಣೆಬರಹವನ್ನಾಗಲಿ, ವೈದ್ಯರ ಬಿರುದನ್ನಾಗಲಿ ಅವಲಂಬಿಸಿಲ್ಲ. ಆ ವೈದ್ಯರು ಮೊಲವೆಂಬ ಪ್ರಾಣಿಯನ್ನು ಎಷ್ಟರಮಟ್ಟಿಗೆ ಬಲ್ಲರು ಎಂಬುದನ್ನು ಅವಲಂಬಿಸಿದೆ. ಇದನ್ನು ಶಸ್ತ್ರಕ್ರಿಯೆಗೆ ಮೊದಲೇ ಕೇಳಿ ತಿಳಿಯಬಹುದು, ತಿಳಿಯಲೇಬೇಕು.

ಈ ಶಸ್ತ್ರಕ್ರಿಯೆ ಏತಕ್ಕೆ ಎಂಬುದನ್ನು ಮೊದಲು ನೋಡೋಣ. ಹೆಣ್ಣುಮೊಲವು ನಾಲ್ಕರಿಂದ ಆರು ತಿಂಗಳಲ್ಲಿ ಪ್ರಾಯಕ್ಕೆ ಬರುತ್ತದೆ. ಅದರ ಗರ್ಭಾವಧಿ ಸುಮಾರು 31 ದಿನ. ಮರಿ ಹಾಕಿದ ದಿನವೇ ಅದು ಮತ್ತೆ ಗರ್ಭ ಧರಿಸಬಲ್ಲದು. ಆದರೆ ಸಂತಾನವೃದ್ಧಿಗಿಂತಲೂ ಗಂಭೀರವಾದ ಕಾರಣವೊಂದಿದೆ. ಗರ್ಭಕೋಶದ ಕ್ಯಾನ್ಸರ್ ಹೆಣ್ಣುಮೊಲಗಳಲ್ಲಿ ಅತ್ಯಂತ ಸಾಮಾನ್ಯ. ಪ್ರಯೋಗಶಾಲೆಗಳಲ್ಲಿ ಸಾಕಿದ ಕೆಲವು ತಳಿಗಳಲ್ಲಿ, ನಾಲ್ಕು ವರ್ಷ ದಾಟಿದ ಹೆಣ್ಣುಗಳ ಪೈಕಿ ಅರ್ಧಕ್ಕೂ ಹೆಚ್ಚಿನವುಗಳಲ್ಲಿ ಈ ರೋಗ ಕಂಡುಬಂದಿದೆ. ಎಲ್ಲ ತಳಿಗಳಲ್ಲೂ ಪ್ರಮಾಣ ಒಂದೇ ಅಲ್ಲವೆಂಬುದು ನಿಜ. ಆದರೂ ವಯಸ್ಸು ಏರಿದಂತೆ ಅಪಾಯವೂ ಏರುತ್ತದೆಂಬುದು ನಿರ್ವಿವಾದ. ರೋಗವು ಶ್ವಾಸಕೋಶಕ್ಕೆ ಹರಡಿದ ಮೇಲೆ ಮಾಡುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಎಂಟು ಹತ್ತು ವರ್ಷ ಬದುಕಬಲ್ಲ ಪ್ರಾಣಿಯು ಅರ್ಧ ಆಯುಷ್ಯದಲ್ಲೇ ಹೋಗದಿರಲು ಅಂಡಾಶಯ ಗರ್ಭಕೋಶಗಳನ್ನು ಎಳೆಯ ವಯಸ್ಸಿನಲ್ಲೇ ತೆಗೆದುಹಾಕುವುದು ಲೇಸು. ಆದುದರಿಂದ ‘ಗೊಡವೆಯೇ ಬೇಡ’ ಎಂಬ ಮಾತು ದಯೆಯಂತೆ ಕಂಡರೂ ದಯೆಯಲ್ಲ.

ಹಾಗೆಂದು ಅಪಾಯವೇ ಇಲ್ಲವೆನ್ನುವಂತಿಲ್ಲ. 2002ರಿಂದ 2004ರವರೆಗೆ ಬ್ರಿಟನ್ನಿನ 117 ಪಶುಚಿಕಿತ್ಸಾಲಯಗಳಲ್ಲಿ, ಅರಿವಳಿಕೆ ಪಡೆದ ಪ್ರಾಣಿಗಳ ಲೆಕ್ಕವನ್ನು ಕ್ರಮವಾಗಿ ಇಡಲಾಯಿತು. ಆರೋಗ್ಯವಂತ ಪ್ರಾಣಿಗಳನ್ನಷ್ಟೇ ಪರಿಗಣಿಸಿದರೆ, ಪ್ರತಿ ಹತ್ತು ಸಾವಿರಕ್ಕೆ ಸತ್ತ ನಾಯಿಗಳು ಸುಮಾರು 5, ಬೆಕ್ಕುಗಳು 11; ಮೊಲಗಳಾದರೋ 73! ಮೊದಲೇ ಕಾಯಿಲೆಯಿದ್ದ ಮೊಲಗಳಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಸತ್ತವು. ಇದರಲ್ಲಿ ಗಮನಿಸಬೇಕಾದ ಅಂಶ ಇನ್ನೊಂದಿದೆ: ಸತ್ತ ಮೊಲಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವು ಸತ್ತುದು ಶಸ್ತ್ರಕ್ರಿಯೆ ನಡೆಯುತ್ತಿದ್ದಾಗ ಅಲ್ಲ, ಅದು ಮುಗಿದ ಮೇಲೆ. ಅಂದರೆ ಚಾಕುವಿನ ಕುಶಲತೆಯಷ್ಟೇ ಸಾಲದು. ಅದರ ಹಿಂದುಮುಂದಿನ ಆರೈಕೆಯೂ ಪ್ರಾಣವನ್ನು ಉಳಿಸುವ ಅಥವಾ ಕಳೆಯುವ ವಿಷಯವೇ.

ಮೊಲಕ್ಕೆ ಮಾತ್ರ ಈ ಗಂಡಾಂತರ ಏಕೆ? ಅದರ ದೇಹರಚನೆಯನ್ನು ನೋಡಿದರೆ ಉತ್ತರ ದೊರೆಯುತ್ತದೆ. ಮೊಲವು ಮೂಗಿನಿಂದಲೇ ಉಸಿರಾಡುವ ಪ್ರಾಣಿ. ಬಾಯಿ ಕಿರಿದು, ಬಾಚಿಹಲ್ಲುಗಳು ಉದ್ದ, ಗಂಟಲು ಆಳದಲ್ಲಿದೆ. ಆದುದರಿಂದ ಶ್ವಾಸನಾಳಕ್ಕೆ ನಳಿಕೆ ತೂರಿಸುವುದು ನಾಯಿಯಲ್ಲಿ ಸುಲಭವಾದರೆ ಇಲ್ಲಿ ಬಹಳ ಅಭ್ಯಾಸ ಬೇಡುವ ಕೆಲಸ. ಎದೆಗೂಡು ಚಿಕ್ಕದು, ಹೊಟ್ಟೆ ದೊಡ್ಡದು. ಅಂಗಾತ ಮಲಗಿಸಿದಾಗ ಕರುಳುಗಳ ಭಾರವೆಲ್ಲ ವಪೆಯ ಮೇಲೆ ಒರಗಿ ಉಸಿರನ್ನು ಒತ್ತುತ್ತದೆ. ಪುಟ್ಟ ಮೈಯಾದುದರಿಂದ ಶಾಖ ಬೇಗ ಹೊರಟುಹೋಗುತ್ತದೆ. ಬೇರೆ ಪ್ರಾಣಿಗಳಿಗೆ ಅರಿವಳಿಕೆಯ ಜೊತೆಗೆ ಕೊಡುವ ಅಟ್ರೊಪೀನ್ ಎಂಬ ಔಷಧವನ್ನು ಅನೇಕ ಮೊಲಗಳ ರಕ್ತದಲ್ಲಿರುವ ಕಿಣ್ವವೊಂದು ಬಲುಬೇಗ ಒಡೆದುಹಾಕುತ್ತದೆ. ಗರ್ಭಕೋಶದ ರಚನೆಯೂ ಬೇರೆ: ಮೊಲಕ್ಕೆ ಎರಡು ಪ್ರತ್ಯೇಕ ಗರ್ಭನಾಳಗಳೂ ಎರಡು ಕೊರಳುಗಳೂ ಇವೆ. ಅವುಗಳಿಗೆ ಆಸರೆಯಾದ ಪೊರೆಯಲ್ಲಿ ಕೊಬ್ಬು ತುಂಬಿ ರಕ್ತನಾಳಗಳನ್ನು ಮರೆಮಾಡಿರುತ್ತದೆ. ಹೊಟ್ಟೆಯೊಳಗಿನ ಅಂಗಗಳನ್ನು ಒರಟಾಗಿ ಮುಟ್ಟಿದರೆ ಅವು ಮುಂದೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೊಲವು ಚಿಕ್ಕ ನಾಯಿಯಲ್ಲ ಎಂಬುದಕ್ಕೆ ಇಷ್ಟು ಸಾಕು.

ವೈದ್ಯಶಾಸ್ತ್ರ ತಿಳಿಯದ ಸಾಮಾನ್ಯರು ಇದನ್ನೆಲ್ಲ ಪರೀಕ್ಷಿಸುವುದು ಹೇಗೆ? ಅದಕ್ಕೊಂದು ಒರೆಗಲ್ಲಿದೆ. ‘ಶಸ್ತ್ರಕ್ರಿಯೆಯ ಹಿಂದಿನ ರಾತ್ರಿ ಮೊಲಕ್ಕೆ ಆಹಾರ ನಿಲ್ಲಿಸಬೇಕೆ?’ ಎಂದು ಕೇಳಿ. ‘ಹೌದು, ರಾತ್ರಿಯಿಂದಲೇ ಉಪವಾಸವಿಡಿ’ ಎಂಬ ಉತ್ತರ ಬಂದರೆ ವಂದಿಸಿ ಹಿಂದಿರುಗುವುದು ಒಳ್ಳೆಯದು. ನಾಯಿ ಬೆಕ್ಕುಗಳಿಗೆ ಉಪವಾಸ ಬೇಕು, ಏಕೆಂದರೆ ಅರಿವು ತಪ್ಪಿದಾಗ ಅವು ವಾಂತಿ ಮಾಡಿ, ಅದು ಶ್ವಾಸನಾಳಕ್ಕೆ ಇಳಿಯಬಹುದು. ಮೊಲವು ವಾಂತಿ ಮಾಡಲಾರದು. ಅಷ್ಟೇ ಅಲ್ಲ, ಅದರ ಕರುಳು ಸದಾ ಚಲಿಸುತ್ತಿರಬೇಕು. ಅದರ ದೊಡ್ಡ ಅಂಧಾಂತ್ರದಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಹುದುಗಿಸುತ್ತಿರುತ್ತವೆ. ಆಹಾರ ನಿಂತರೆ ಆ ಚಲನೆ ಕುಂದಿ, ಹೊಟ್ಟೆ ಉಬ್ಬಿ, ನೋವಿನಿಂದ ಮೊಲ ತಿನ್ನುವುದನ್ನು ಇನ್ನಷ್ಟು ಬಿಡುತ್ತದೆ. ತಿನ್ನದಿದ್ದುದರಿಂದ ಕರುಳು ಮತ್ತಷ್ಟು ನಿಲ್ಲುತ್ತದೆ. ಈ ವಿಷಚಕ್ರಕ್ಕೆ ಸಿಕ್ಕಿದ ಮೊಲ ಒಂದೆರಡು ದಿನಗಳಲ್ಲೇ ಸಾಯಬಹುದು. ಬಾಯಲ್ಲಿ ಹುಲ್ಲಿನ ಚೂರು ಉಳಿಯದಂತೆ ಒಂದೆರಡು ಗಂಟೆ ಆಹಾರ ತೆಗೆದಿಡಲು ಹೇಳುವ ವೈದ್ಯರುಂಟು. ಅದು ಬೇರೆ ಮಾತು. ರಾತ್ರಿಯೆಲ್ಲ ಉಪವಾಸವೆಂಬ ಸೂಚನೆ ಮಾತ್ರ ಆ ವೈದ್ಯರು ಮೊಲವನ್ನು ನಾಯಿಯ ಅಳತೆಯಿಂದ ಅಳೆಯುತ್ತಿದ್ದಾರೆಂಬುದರ ಗುರುತು.

ಇನ್ನು ಕೇಳಬೇಕಾದುವು ಐದಾರು. ಅವರು ಹೆಣ್ಣುಮೊಲಗಳಿಗೆ ಈ ಶಸ್ತ್ರಕ್ರಿಯೆಯನ್ನು ಎಷ್ಟು ಬಾರಿ ಮಾಡಿದ್ದಾರೆ, ಅವುಗಳಲ್ಲಿ ಎಷ್ಟು ಉಳಿಯಲಿಲ್ಲ, ಏಕೆ? ಗಂಡುಮೊಲದ ಬೀಜ ತೆಗೆಯುವುದು ಇದಕ್ಕಿಂತ ಸರಳವಾದುದರಿಂದ ಆ ಲೆಕ್ಕವನ್ನು ಇದರೊಡನೆ ಸೇರಿಸಬಾರದು. ಅರಿವಳಿಕೆಯ ಹೊತ್ತಿನಲ್ಲಿ ಆಮ್ಲಜನಕವನ್ನು ಹೇಗೆ ಕೊಡುತ್ತಾರೆ. ಶಸ್ತ್ರಕ್ರಿಯೆ ಮಾಡುವವರಲ್ಲದೆ ಉಸಿರು ನಾಡಿಗಳನ್ನು ನೋಡಿಕೊಳ್ಳುವುದಕ್ಕೆಂದೇ ಇನ್ನೊಬ್ಬರು ಇರುತ್ತಾರೆಯೇ? ಮೈ ತಣ್ಣಗಾಗದಂತೆ ಏನು ವ್ಯವಸ್ಥೆಯಿದೆ? ನೋವು ಶಮನಕ್ಕೆ ಯಾವ ಔಷಧ, ಎಷ್ಟು ದಿನ? ‘ಮೊಲಕ್ಕೆ ಅಷ್ಟೊಂದು ನೋವಿರುವುದಿಲ್ಲ’ ಎನ್ನುವವರು ಅದರ ಮೌನವನ್ನು ತಪ್ಪಾಗಿ ಓದಿದವರು. ಹೊಲಿಗೆ ಚರ್ಮದ ಒಳಗೆಯೇ, ಹೊರಗೆಯೇ? ಹೊರಗಿನ ಹೊಲಿಗೆಯನ್ನು ಮೊಲ ಹಲ್ಲಿನಿಂದ ಕಿತ್ತುಹಾಕುವುದುಂಟು. ಪೆನಿಸಿಲಿನ್ ಜಾತಿಯ ಔಷಧಗಳನ್ನು ಬಾಯಿಯ ಮೂಲಕ ಕೊಡುತ್ತಾರೆಯೇ? ಮನುಷ್ಯರು ನಿತ್ಯ ನುಂಗುವ ಈ ಔಷಧಗಳು ಮೊಲದ ಕರುಳಿನ ಹಿತಕರ ಸೂಕ್ಷ್ಮಜೀವಿಗಳನ್ನು ಕೊಂದು ಅದರ ಪ್ರಾಣಕ್ಕೇ ಎರವಾಗಬಲ್ಲವು. ಕಡೆಯದಾಗಿ, ಮನೆಗೆ ಕಳುಹಿಸುವ ಮೊದಲು ಮೊಲ ತಿಂದಿದೆಯೇ ಎಂದು ನೋಡುತ್ತಾರೆಯೇ. ರಾತ್ರಿ ತೊಂದರೆಯಾದರೆ ಯಾರನ್ನು ಕರೆಯಬೇಕು? ಶಸ್ತ್ರಕ್ರಿಯೆಯಾದ ಹನ್ನೆರಡು ಗಂಟೆಗಳೊಳಗೆ ಮೊಲ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ಬೆಳಗಾಗಲೆಂದು ಕಾಯುವಂತಿಲ್ಲ.

ವೈದ್ಯರನ್ನು ಹೀಗೆ ಪ್ರಶ್ನಿಸುವುದು ಅವಿನಯವಲ್ಲವೇ ಎಂದು ಕೆಲವರು ಸಂಕೋಚಪಡಬಹುದು. ವೈದ್ಯರಿಗೆ ಸಲ್ಲಬೇಕಾದ ಗೌರವವನ್ನು ಕಡಿಮೆ ಮಾಡುವ ಉದ್ದೇಶ ನಮ್ಮದಲ್ಲ. ನಮ್ಮ ದೇಶದ ಪಶುವೈದ್ಯ ಶಿಕ್ಷಣವು ರೈತನ ಬಾಳಿಗೆ ಆಧಾರವಾದ ದನ, ಎಮ್ಮೆ, ಕುರಿ, ಕೋಳಿಗಳ ಸುತ್ತ ಬೆಳೆದುದು. ಅದು ಸಹಜವೂ ನ್ಯಾಯವೂ ಹೌದು. 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯ ಪ್ರಕಾರ ನೋಂದಣಿಯಾದ ವೈದ್ಯರು ಮಾತ್ರ ವೃತ್ತಿ ನಡೆಸಬಹುದು. ಈ ನೋಂದಣಿಯನ್ನು ಮೊದಲು ವಿಚಾರಿಸತಕ್ಕದ್ದು. ಆದರೆ ನೋಂದಣಿಯು ಅರ್ಹತೆಯ ಹೊಸ್ತಿಲೇ ಹೊರತು ಮೊಲದ ಅನುಭವಕ್ಕೆ ಸಾಕ್ಷಿಯಲ್ಲ. ನೂರಾರು ಹಸುಗಳ ಹೆರಿಗೆಯನ್ನು ಸುಸೂತ್ರವಾಗಿ ಮಾಡಿಸಿದ ನಿಪುಣರಿಗೂ ಮೊಲ ಹೊಸದಾಗಿರಬಹುದು. ‘ಇದು ನನಗೆ ಅಭ್ಯಾಸವಿಲ್ಲ, ಬಲ್ಲವರ ಬಳಿಗೆ ಹೋಗಿ’ ಎಂದು ಹೇಳುವ ವೈದ್ಯರು ನಮ್ಮ ದೃಷ್ಟಿಯಲ್ಲಿ ಕೈಚಳಕದವರಿಗಿಂತ ಒಂದು ತೂಕ ಹೆಚ್ಚು. ಪ್ರಶ್ನೆ ಕೇಳಿದುದಕ್ಕೇ ಮುನಿಯುವವರ ಕೈಗೆ ಮಾತು ಬಾರದ ಪ್ರಾಣಿಯನ್ನು ಒಪ್ಪಿಸದಿರುವುದೇ ಕ್ಷೇಮ.

ತಕ್ಕ ವೈದ್ಯರು ಊರಿನಲ್ಲಿ ಸಿಗದಿದ್ದರೆ? ಅನುಭವವಿಲ್ಲದ ಕೈಯಲ್ಲಿ ಇಂದೇ ಮಾಡಿಸುವುದಕ್ಕಿಂತ, ಅನುಭವಿಗಳನ್ನು ಹುಡುಕಿ ಕೆಲವು ತಿಂಗಳು ತಡವಾಗಿ ಮಾಡಿಸುವುದು ಮೇಲು. ಕ್ಯಾನ್ಸರಿನ ಅಪಾಯ ವರ್ಷಗಳ ಲೆಕ್ಕದ್ದು. ಅರಿವಳಿಕೆಯ ತಪ್ಪಿನ ಅಪಾಯ ನಿಮಿಷಗಳ ಲೆಕ್ಕದ್ದು. ಅಲ್ಲಿಯವರೆಗೆ ಗಂಡು ಹೆಣ್ಣುಗಳನ್ನು ಬೇರೆ ಬೇರೆ ಇರಿಸಬೇಕು. ಗಂಡಿಗೆ ಬೀಜ ತೆಗೆಸಿದರೂ ನಾಲ್ಕರಿಂದ ಆರು ವಾರಗಳವರೆಗೆ ಅದು ಗರ್ಭ ಕಟ್ಟಿಸಬಲ್ಲದೆಂಬುದನ್ನು ಮರೆಯಬಾರದು. ಆದರೆ ಈ ತಾಳ್ಮೆಯು ಸೋಮಾರಿತನದ ನೆಪವಾಗಬಾರದು. ಹೆಣ್ಣಿಗೆ ಎರಡು ವರ್ಷ ತುಂಬುವುದರೊಳಗೆ ಕೆಲಸ ಮುಗಿದರೆ ಉತ್ತಮ. ಮೂತ್ರದಲ್ಲಿ ರಕ್ತ ಕಂಡರಂತೂ ಕಾಯದೆ ತೋರಿಸಬೇಕು. ಆಹಾರದ ಬಣ್ಣದಿಂದಲೂ ಮೊಲದ ಮೂತ್ರ ಕೆಂಪಾಗುವುದುಂಟು. ಯಾವುದು ಯಾವುದೆಂದು ಪರೀಕ್ಷೆಯಿಂದಲೇ ಗೊತ್ತಾಗತಕ್ಕದ್ದು.

ಇದಿಷ್ಟೂ ಸಾಕಿದವರ ಕರ್ತವ್ಯವಾಯಿತು. ಆದರೆ ಒಬ್ಬೊಬ್ಬರೂ ಊರೆಲ್ಲ ಅಲೆದು ವೈದ್ಯರನ್ನು ಪರೀಕ್ಷಿಸಬೇಕೆಂಬುದು ವಿವೇಕದ ವ್ಯವಸ್ಥೆಯಲ್ಲ. ಬ್ರಿಟನ್ನಿನಲ್ಲಿ ಮೊಲಗಳ ಹಿತಕ್ಕಾಗಿ ದುಡಿಯುವ ಸಂಘವು ಮೊಲವನ್ನು ಬಲ್ಲ ಚಿಕಿತ್ಸಾಲಯಗಳ ಪಟ್ಟಿಯನ್ನು ಸಾರ್ವಜನಿಕರಿಗೆ ಒದಗಿಸುತ್ತದೆ. 1958ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳೂ ವೈದ್ಯರ ಪರಿಷತ್ತೂ ಮನಸ್ಸು ಮಾಡಿದರೆ ಅಂಥದೊಂದು ಪಟ್ಟಿಯನ್ನು ಕನ್ನಡದಲ್ಲಿ ಸಿದ್ಧಪಡಿಸುವುದು ದೊಡ್ಡ ಕೆಲಸವೇನೂ ಅಲ್ಲ. ಅದರಿಂದ ಅನುಭವಿ ವೈದ್ಯರಿಗೆ ಮನ್ನಣೆ, ಕಲಿಯಬಯಸುವ ಕಿರಿಯರಿಗೆ ಗುರುಗಳ ಪರಿಚಯ, ಸಾಕಿದವರಿಗೆ ಭರವಸೆ ಏಕಕಾಲಕ್ಕೆ ದೊರೆಯುತ್ತವೆ. ಆ ದಿನ ಬರುವವರೆಗೆ ಕೇಳುವ ಬಾಯಿ ನಮ್ಮದೇ ಆಗಿರಬೇಕು. ಮೊಲವನ್ನು ಮನೆಗೆ ತಂದವರು ಅದಕ್ಕೆ ಹುಲ್ಲು ನೀರುಗಳಷ್ಟನ್ನೇ ಅಲ್ಲ, ಈ ಪ್ರಶ್ನೆಗಳನ್ನೂ ಸಲ್ಲಿಸಬೇಕಾಗಿದೆ.