ಬ್ರೇಕ್ ಕಿತ್ತರೆ ಸೈಕಲ್ ಹಗುರಾಗೋದಿಲ್ಲ

ಸಾಲ ಕೇಳೋಕೆ ಬಂದವರಿಗೆ "ಜಾಮೀನು ಯಾರದು?" ಅಂತ ಕೇಳೋದು ನನ್ನ ಮೂವತ್ತು ವರ್ಷದ ಕಸುಬು. ಕೆಲವರಿಗೆ ಸಿಟ್ಟು ಬರುತ್ತೆ. "ನನ್ನ ಮೇಲೆ ನಂಬಿಕೆ ಇಲ್ವಾ ಸಾಹೇಬ್ರೇ?" ಅಂತಾರೆ. ನಂಬಿಕೆ ಇದೆ. ಆದ್ರೆ ನಾಳೆ ಏನಾಗುತ್ತೆ ಅನ್ನೋದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದಕ್ಕೇ ಜಾಮೀನು.

ಇವತ್ತು ನಾನು ಬರೀತಿರೋದು ಬ್ಯಾಂಕಿನ ವಿಷಯ ಅಲ್ಲ, ಸೈಕಲ್ಲಿನ ವಿಷಯ. ಆದ್ರೆ ಪ್ರಶ್ನೆ ಅದೇ. ಬ್ರೇಕ್ ಇಲ್ಲದ ಸೈಕಲ್ ಹತ್ತಿ ಜಾಲ್ನಾ ರಸ್ತೆಗೆ ಇಳಿಯೋ ಹುಡುಗರೇ, ನಿಮ್ಮ ಜಾಮೀನು ಯಾರದು?

ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಈಗ ನಮ್ಮ ಹುಡುಗರಿಗೆ ಒಂದು ಹುಚ್ಚು ಹಿಡಿದಿದೆ, ಒಳ್ಳೆ ಹುಚ್ಚೇ. ಗುಜರಿ ಅಂಗಡಿಗೆ ಹೋಗಿ ಹಳೇ ಅಟ್ಲಾಸ್, ಹೀರೋ, ಹರ್ಕ್ಯುಲಿಸ್ ಫ್ರೇಮು ತರ್ತಾರೆ. (ಗುಜರಿಗೆ ಇಲ್ಲಿಯವರು ಭಂಗಾರ್ ಅಂತಾರೆ. ನಾನು ಹೊಸದಾಗಿ ಬಂದಾಗ ರಸ್ತೆಯಲ್ಲಿ "ಭಂಗಾರ್, ಭಂಗಾರ್" ಅಂತ ಕೂಗಿದ್ದು ಕೇಳಿ, ಏನಪ್ಪಾ ಈ ಊರಲ್ಲಿ ಬಂಗಾರವನ್ನ ಕೈಗಾಡಿಯಲ್ಲಿ ಮಾರ್ತಾರಲ್ಲ ಅಂದ್ಕೊಂಡಿದ್ದೆ!) ಬಣ್ಣ ಕೆರೆದು ಹೊಸ ಬಣ್ಣ ಹೊಡೆಸ್ತಾರೆ. ಮಡ್‌ಗಾರ್ಡು, ಕ್ಯಾರಿಯರ್ರು, ಸ್ಟ್ಯಾಂಡು, ಚೈನ್‌ಕವರ್ರು ಎಲ್ಲಾ ಕಿತ್ತು ನೇರ ಹ್ಯಾಂಡಲ್ ಹಾಕ್ತಾರೆ. ಒಂದೇ ಗೇರು ಇದ್ದು ಫ್ರೀವ್ಹೀಲ್ ಉಳಿಸ್ಕೊಂಡರೆ ಅದು ಸಿಂಗಲ್ ಸ್ಪೀಡ್. ಫ್ರೀವ್ಹೀಲನ್ನೂ ತೆಗೆದು, ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗೋ ಹಾಗೆ ಮಾಡಿದರೆ ಫಿಕ್ಸೆಡ್ ಗೇರ್, ಇವರ ಭಾಷೆಯಲ್ಲಿ ಫಿಕ್ಸಿ.

ಸಿಂಗಲ್ ಸ್ಪೀಡ್ ಅನ್ನೋದು ಅಮೆರಿಕದಿಂದ ಬಂದ ಹೊಸ ಫ್ಯಾಶನ್ ಅಂತ ಹೇಳೋರನ್ನ ಕಂಡರೆ ನಗು ಬರುತ್ತೆ. ಅಲ್ಲಪ್ಪಾ, ನಿಮ್ಮಜ್ಜ ಓಡಿಸಿದ್ದೇನು? ಮದ್ರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ ಶುರುವಾಗಿದ್ದು 1949ರಲ್ಲಿ, ಸೋನಿಪತ್‌ನಲ್ಲಿ ಅಟ್ಲಾಸ್ 1951ರಲ್ಲಿ. ಅಲ್ಲಿಂದ ನಮ್ಮೂರಿಗೆ ಬಂದ ಕರೀ ಸೈಕಲ್ಲುಗಳೆಲ್ಲ ಸಿಂಗಲ್ ಸ್ಪೀಡೇ. ನಮ್ಮಪ್ಪನ ಹರ್ಕ್ಯುಲಿಸ್‌ಗೆ ಮುಂದೆ 44 ಹಲ್ಲು, ಹಿಂದೆ 18. ಪೆಡಲ್ ಒಂದು ಸುತ್ತು ಬಂದರೆ ಗಾಡಿ ಸುಮಾರು ಐದೂವರೆ ಮೀಟರ್ ಮುಂದೆ. ಅದರ ಮೇಲೇ ಅಪ್ಪ ಗದಗಿನ ಹತ್ತಿರದ ಹಳ್ಳಿ ಶಾಲೆಗೆ ದಿನಾ ಹೋಗಿ ಬಂದರು, ನಾವು ಮೂರು ಮಕ್ಕಳು ಫ್ರೇಮಿನ ತ್ರಿಕೋನದೊಳಗೆ ಕಾಲು ತೂರಿಸಿ ಸೈಕಲ್ ಕಲಿತೆವು. ಟೂರ್ ದ ಫ್ರಾನ್ಸ್‌ನಲ್ಲೇ ಗೇರ್ ಬದಲಿಸೋ ಡಿರೇಲರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ.

ಹಳೇ ಫ್ರೇಮು ಈ ಕೆಲಸಕ್ಕೆ ಯಾಕೆ ಒಳ್ಳೇದು ಅಂದರೆ, ಹಿಂದಿನ ಚಕ್ರ ಕೂರೋ ಸಂದು ಉದ್ದಕ್ಕೆ ಅಡ್ಡವಾಗಿ ಇರುತ್ತೆ. ಚಕ್ರವನ್ನ ಹಿಂದೆ ಎಳೆದು ಚೈನು ಬಿಗಿ ಮಾಡ್ಕೋಬಹುದು. ಈಗಿನ ಗೇರ್ ಸೈಕಲ್ಲುಗಳಲ್ಲಿ ಆ ಸಂದು ಸಾಮಾನ್ಯವಾಗಿ ಕೆಳಮುಖ, ಚಕ್ರ ಸರಿಸೋಕೆ ಜಾಗವೇ ಇಲ್ಲ. ಇನ್ನೊಂದು ಮಾತು. ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ ನಿಂತಿದ್ದು 2020ರ ಜೂನ್ 3ಕ್ಕೆ, ಅದೂ ವಿಶ್ವ ಸೈಕಲ್ ದಿನದಂದೇ! ಹಾಗಾಗಿ ಗುಜರಿಯಲ್ಲಿ ಬಿದ್ದಿರೋ ಒಂದೊಂದು ಫ್ರೇಮು ಉಳಿದರೂ ನನಗೆ ಸಂತೋಷವೇ. ನಾನು ಇದರ ವಿರೋಧಿ ಅಲ್ಲ.

ನನ್ನ ಜಗಳ ಬ್ರೇಕಿನ ಬಗ್ಗೆ.

ಬ್ರೇಕ್ ಹೇಗೆ ಮಾಯ ಆಗುತ್ತೆ ನೋಡಿ. ಹಳೇ ಸೈಕಲ್ಲಿನದು ಸರಳಿನ ಬ್ರೇಕು. ಹಿಡಿ, ಸರಳು ಎಲ್ಲಾ ಹ್ಯಾಂಡಲ್ಲಿಗೇ ಅಂಟ್ಕೊಂಡಿರುತ್ತೆ. ಹ್ಯಾಂಡಲ್ ಬದಲಿಸಿದ ದಿನ ಬ್ರೇಕೂ ಹೋಯ್ತು. ಸರಿ, ಕ್ಯಾಲಿಪರ್ ಬ್ರೇಕ್ ಹಾಕೋಣ ಅಂದರೆ ಹಳೇ ಉಕ್ಕಿನ ರಿಮ್ಮಿನ ಬದಿ ದುಂಡಗೆ, ರಬ್ಬರು ಹಿಡಿಯೋದಿಲ್ಲ. ರಿಮ್ಮು ಬದಲಿಸಬೇಕು, ಅದಕ್ಕೆ ದುಡ್ಡು ಬೇಕು, ಒಂದು ದಿನ ಕೂತು ಕಡ್ಡಿ ಬಿಗಿಯಬೇಕು. ಆಗ ಹುಡುಗರಿಗೆ ತತ್ವಜ್ಞಾನ ಹೊಳೆಯುತ್ತೆ, ಬ್ರೇಕ್ ಬೇಡವೇ ಬೇಡ, ಫಿಕ್ಸಿ ಮಾಡೋಣ! ಖರ್ಚು ಉಳಿಸೋದಕ್ಕೆ ಸ್ಟೈಲ್ ಅಂತ ಹೆಸರು.

ನನ್ನ ತಂಗಿಯ ಮಗ ಇಲ್ಲೇ ಶೇಂದ್ರಾ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ಟ್ರೈನಿ. ಗದಗಿನ ಮನೆ ಮಾರಿದಾಗ ನಾನು ಹೊತ್ತು ತಂದಿದ್ದ ಅಪ್ಪನ ಹರ್ಕ್ಯುಲಿಸ್ ಕೇಳಿದ. ಅವನಿಗೂ ಅಜ್ಜನದೇ ಅಲ್ಲವೇ, ಕೊಟ್ಟೆ. ಬ್ರೇಕ್ ಎಲ್ಲೋ ಅಂತ ಕೇಳಿದ್ದಕ್ಕೆ, "ಮಾಮಾ, ಬ್ರೇಕ್ ಯಾಕ ಬೇಕು? ಕಾಲೇ ಬ್ರೇಕು! ಹಿಂದಕ್ಕ ಒತ್ತಿದ್ರ ನಿಲ್ತದ" ಅಂದ. ನಾನು ನಕ್ಕೆ. ಫೋಟೋ ಬೇರೆ ತೆಗೆದು ತಂಗಿಗೆ ಕಳಿಸಿದೆ. ಆ ನಗುವಿಗೆ ಈಗಲೂ ನನ್ನ ಮೇಲೆ ನನಗೆ ಸಿಟ್ಟಿದೆ.

ಅವನು ಮಾಡಿದ್ದು ಏನಂದರೆ, ಹಳೇ ಫ್ರೀವ್ಹೀಲಿಗೇ ವೆಲ್ಡ್ ಹೊಡೆಸಿ ಫಿಕ್ಸೆಡ್ ಮಾಡಿದ್ದ. ಎಷ್ಟೋ ಜನ ಹಾಗೇ ಮಾಡ್ತಾರೆ. ನಿಜವಾದ ಫಿಕ್ಸೆಡ್ ಹಬ್ಬಿನಲ್ಲಿ ಎರಡು ಮರೆ ಇರುತ್ತವೆ. ಹಲ್ಲಿನ ಚಕ್ರಕ್ಕೆ ಬಲ ಮರೆ, ಅದು ಬಿಚ್ಚದ ಹಾಗೆ ಹಿಡಿಯೋ ಲಾಕ್ ರಿಂಗಿಗೆ ಎಡ ಮರೆ. ಸಾದಾ ಹಬ್ಬಿನಲ್ಲಿ ಆ ಎಡ ಮರೆ ಇಲ್ಲ. ಮುಂದಕ್ಕೆ ತುಳಿದರೆ ಬಿಗಿಯಾಗುತ್ತೆ, ಹಿಂದಕ್ಕೆ ಒತ್ತಿದರೆ ಬಿಚ್ಚುತ್ತೆ. ಅಂದರೆ ನಿಲ್ಲಿಸಬೇಕು ಅಂತ ಜೋರಾಗಿ ಒತ್ತಿದ ಕ್ಷಣದಲ್ಲೇ ಅದು ಕೈ ಕೊಡುತ್ತೆ.

ಕೈ ಕೊಟ್ಟಿತು. ಸಂಜೆ ಶಿಫ್ಟ್ ಬಿಡೋ ಹೊತ್ತು, ಗೇಟಿನಿಂದ ಜನ ಹೊರಗೆ ಬರ್ತಾ ಇದ್ದರು. ಒಬ್ಬರು ಐವತ್ತು ದಾಟಿದ ಕಾಂಟ್ರ್ಯಾಕ್ಟ್ ಕಾರ್ಮಿಕರು, ಹಳೇ ಅಟ್ಲಾಸ್ ಮೇಲೆ, ಹ್ಯಾಂಡಲ್ಲಿಗೆ ಡಬ್ಬಿ ತೂಗು ಹಾಕ್ಕೊಂಡು ತಿರುವಿನಲ್ಲಿ ಬಂದರು. ಇವನು ಹಿಂದಕ್ಕೆ ಒತ್ತಿದ. ಪೆಡಲು ಗಿರಗಿರ ಹಿಂದೆ ತಿರುಗಿತು, ಸೈಕಲ್ ಮುಂದೆ ಹೋಯ್ತು. ಇವನಿಗೆ ಮೊಣಕಾಲು ತರಚಿತು. ಅವರ ಮಣಿಕಟ್ಟು ಮುರಿಯಿತು. ಡಬ್ಬಿ ರಸ್ತೆ ಪಾಲು.

ನಾನು ಆಸ್ಪತ್ರೆಗೆ ಹೋದಾಗ ಅವರು ಹುಡುಗನನ್ನ ಬೈಯಲಿಲ್ಲ. "ಬ್ರೇಕ್ ಫೇಲ್ ಝಾಲಾ ಕಾ ರೇ ಬಾಳಾ?" ಅಂತ ಕೇಳಿದರು. ಬ್ರೇಕ್ ಫೇಲ್ ಆಯ್ತೇನಪ್ಪಾ ಅಂತ! ಬ್ರೇಕೇ ಇಲ್ಲದ ಸೈಕಲ್ಲನ್ನ ಒಬ್ಬ ಮನುಷ್ಯ ಬೇಕಂತಲೇ ಮಾಡಿ ರಸ್ತೆಗೆ ತರ್ತಾನೆ ಅನ್ನೋದು ಅವರ ಕಲ್ಪನೆಗೇ ಬರಲಿಲ್ಲ. ನಮ್ಮ ಹುಡುಗ ತಲೆ ತಗ್ಗಿಸಿದ.

ಕೈ ಸರಿಯಾಗೋಕೆ ಆರು ವಾರ. ಕಾಂಟ್ರ್ಯಾಕ್ಟ್‌ನಲ್ಲಿ ಕೆಲಸ ಇಲ್ಲದ ದಿನಕ್ಕೆ ಕೂಲಿ ಇಲ್ಲ. ಆಸ್ಪತ್ರೆ ಖರ್ಚು, ಆರು ವಾರದ ಕೂಲಿ ನಾನು ಕೊಟ್ಟೆ, ಹುಡುಗನ ಸ್ಟೈಪೆಂಡಿನಿಂದ ತಿಂಗಳಿಗಿಷ್ಟು ಅಂತ ವಸೂಲು ಮಾಡಿದೆ. ಈಗ ನೀವೇ ಯೋಚಿಸಿ. ಅವರದೂ ಹಳೇ ಫ್ರೇಮು, ಇವನದೂ ಹಳೇ ಫ್ರೇಮು. ಅವರದೂ ಒಂದೇ ಗೇರು. ಇವನಿಗೆ ಅದು ಶೋಕಿ, ಅವರಿಗೆ ಅದು ಹೊಟ್ಟೆಪಾಡು. ಬ್ರೇಕ್ ಇದ್ದದ್ದು ಅವರ ಸೈಕಲ್ಲಿಗೆ.

"ರೇಸಿನವರಿಗೆ ಬ್ರೇಕ್ ಇರಲ್ಲವಲ್ಲ?" ಅಂತ ಕೇಳ್ತಾರೆ. ಇರಲ್ಲ, ನಿಜ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ಎಷ್ಟೋ ವರ್ಷದಿಂದ ರಾಷ್ಟ್ರೀಯ ಸೈಕ್ಲಿಂಗ್‌ನಲ್ಲಿ ಪದಕ ತರ್ತಾ ಇದ್ದಾರೆ. ಟ್ರ್ಯಾಕ್ ರೇಸಿನ ಸೈಕಲ್ಲಿಗೆ ಬ್ರೇಕ್ ಇಲ್ಲ, ಫಿಕ್ಸೆಡ್ ಗೇರು. ಆದ್ರೆ ಅದು ಓಡೋದು ವೆಲೋಡ್ರೋಮಿನಲ್ಲಿ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗ್ತಾರೆ. ಅಲ್ಲಿ ಒಬ್ಬ ದಿಢೀರ್ ಬ್ರೇಕ್ ಹಾಕಿದರೆ ಹಿಂದಿನವರು ಮೈಮೇಲೆ ಬೀಳ್ತಾರೆ, ಅದಕ್ಕೇ ಬ್ರೇಕ್ ಇಲ್ಲ. ಶೇಂದ್ರಾ ಗೇಟಿನ ಮುಂದೆ ಲಾರಿ, ರಿಕ್ಷಾ, ನಾಯಿ, ಎಮ್ಮೆ ಎಲ್ಲಾ ಒಂದೇ ದಿಕ್ಕಿಗೆ ಹೋಗ್ತವೆಯೇ? ಬ್ರೇಕ್ ಹೆದರುಪುಕ್ಕಲರಿಗೆ ಅನ್ನೋರಿಗೆ ಇನ್ನೊಂದು ಮಾತು. ನಾಸಿಕ್‌ನ ಮಹಾಜನ್ ಸಹೋದರರು, ಇಬ್ಬರೂ ಡಾಕ್ಟರು, 2015ರಲ್ಲಿ ಇಬ್ಬರ ತಂಡವಾಗಿ ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಸೈಕಲ್ ತುಳಿದರು, ಸುಮಾರು 4,800 ಕಿಲೋಮೀಟರ್. ಬ್ರೇಕ್ ಇರೋ ಸೈಕಲ್ಲಿನಲ್ಲೇ!

"ಫಿಕ್ಸಿಯಲ್ಲಿ ಹಿಂದಿನ ಚಕ್ರ ಜಾರಿಸಿ ನಿಲ್ಲಿಸಬಹುದು" ಅಂತಾರೆ. ನಿಲ್ಲಿಸೋವಾಗ ಭಾರವೆಲ್ಲ ಮುಂದಕ್ಕೆ ವಾಲುತ್ತೆ, ಹಿಂದಿನ ಚಕ್ರ ಹಗುರಾಗಿ ಬರೀ ಜಾರುತ್ತೆ. ಹಿಡಿಯೋ ಶಕ್ತಿ ಇರೋದು ಮುಂದಿನ ಚಕ್ರಕ್ಕೆ. ಅದಕ್ಕೇ ಬ್ರಿಟನ್ನಿನ ಕಾನೂನು, ಫಿಕ್ಸೆಡ್ ಚಕ್ರವನ್ನೇ ಒಂದು ಬ್ರೇಕ್ ಅಂತ ಲೆಕ್ಕ ಹಿಡಿದರೂ ಮುಂದಿನ ಚಕ್ರಕ್ಕೆ ಇನ್ನೊಂದು ಬೇಕೇ ಬೇಕು ಅನ್ನುತ್ತೆ. 2016ರ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ಮುಂದಿನ ಬ್ರೇಕ್ ಇಲ್ಲದ ಫಿಕ್ಸಿ ಹೊಡೆದು, ರಸ್ತೆ ದಾಟುತ್ತಿದ್ದ ಎರಡು ಮಕ್ಕಳ ತಾಯಿ ತೀರಿಕೊಂಡರು. ಓಡಿಸಿದವನಿಗೆ ಆಗ 18 ವರ್ಷ. 2017ರಲ್ಲಿ 18 ತಿಂಗಳ ಶಿಕ್ಷೆ ಆಯ್ತು. ನಮ್ಮ ಪುಣ್ಯ, ನಮ್ಮದು ಮಣಿಕಟ್ಟಿಗೆ ಮುಗೀತು.

ನಾನು ಕೇಳ್ತಿರೋದು ದೊಡ್ಡದಲ್ಲ. ಹಳೇ ಫ್ರೇಮು ತನ್ನಿ, ಬೇಕಾದ ಬಣ್ಣ ಹೊಡೆಯಿರಿ. ಆದ್ರೆ ಮೊದಲ ಖರ್ಚು ಮುಂದಿನ ರಿಮ್ಮಿಗೆ ಇರಲಿ. ಹಳೇ ಹಬ್ಬಿಗೆ ಮುಂದೆ 32 ತೂತು, ಹಿಂದೆ 40. 32 ತೂತಿನ ಅಲ್ಯುಮಿನಿಯಂ ರಿಮ್ಮು ಸಿಗುತ್ತೆ, ಅಳತೆಗೆ ತಕ್ಕ ಕಡ್ಡಿ, ಟೈರು ಹಾಕ್ಸಿ. ಹೊಸ ರಿಮ್ಮು ಹಳೇದಕ್ಕಿಂತ ಸ್ವಲ್ಪ ಚಿಕ್ಕದು, ಹಾಗಾಗಿ ತೋಳು ಉದ್ದ ಇರೋ ಕ್ಯಾಲಿಪರ್ ಕೇಳಿ ತಗೊಳ್ಳಿ. ಫ್ರೀವ್ಹೀಲ್ ಇಟ್ಕೊಂಡರೆ ಹಿಂದೆಯೂ ಬ್ರೇಕ್ ಇರಲೇಬೇಕು. ಫಿಕ್ಸೆಡ್ಡೇ ಬೇಕು ಅನ್ನೋ ಹಟ ಇದ್ದರೆ ಲಾಕ್ ರಿಂಗ್ ಇರೋ ಹಬ್ಬು ತನ್ನಿ, ವೆಲ್ಡಿಂಗ್ ಅಂಗಡಿಗೆ ಹೋಗಬೇಡಿ, ಮುಂದಿನ ಬ್ರೇಕ್ ಬಿಡಬೇಡಿ.

ಅಪ್ಪನ ಹರ್ಕ್ಯುಲಿಸ್ ಈಗ ಮತ್ತೆ ನನ್ನ ಹತ್ತಿರ ಇದೆ. ಹಿಂದೆ 18 ಹಲ್ಲಿನ ಹೊಸ ಫ್ರೀವ್ಹೀಲು, ಎರಡೂ ಕಡೆ ಬ್ರೇಕು, ಕ್ಯಾರಿಯರ್ ಕೂಡ ವಾಪಸ್ ಹಾಕ್ಸಿದ್ದೀನಿ. ರಿಮ್ಮಿಗೆ ಕಡ್ಡಿ ಬಿಗಿದಿದ್ದು ನನ್ನ ಸೋದರಳಿಯನೇ, ಎರಡು ಭಾನುವಾರ ಕೂತು. ವಾರಕ್ಕೊಮ್ಮೆ ಸಿಡ್ಕೋದಿಂದ ಶೇಂದ್ರಾ ಬ್ರ್ಯಾಂಚಿಗೆ ಅದರ ಮೇಲೇ ಹೋಗ್ತೀನಿ. ಅವರು ಎದುರಿಗೆ ಸಿಕ್ಕರೆ ಕೈ ಎತ್ತುತ್ತಾರೆ. ಆ ಮಣಿಕಟ್ಟು ಇನ್ನೂ ಪೂರ್ತಿ ತಿರುಗೋದಿಲ್ಲ.

ನಮ್ಮ ಕಾಲೊನಿಯ ಹುಡುಗರು ಈಗಲೂ ಸ್ಪ್ಯಾನರ್ ಕೇಳೋಕೆ ನನ್ನ ಹತ್ತಿರ ಬರ್ತಾರೆ. ಕೊಡ್ತೀನಿ, ಆದ್ರೆ ಮೊದಲು ಬ್ರೇಕ್ ತೋರಿಸಬೇಕು. ಕಾಕಾ ಬಹಳ ಕಿರಿಕಿರಿ ಅಂತ ಬೈಕೊಳ್ತಾರೆ. ಬೈಕೊಳ್ಳಲಿ. ಜಾಮೀನು ಕೇಳಿ ಬೈಸಿಕೊಳ್ಳೋದು ನನಗೇನು ಹೊಸದಲ್ಲ.