ಕನ್ನಡ ಶಾಲೆಯ ದಾರಿ ಮತ್ತು ಎಸ್‌ಟಿ ಪಾಸು

ಪಾಲಕರೇ, ನಿಮ್ಮ ಮಗಳು ಊರಿನ ಕನ್ನಡ ಪ್ರಾಥಮಿಕ ಶಾಲೆಗೆ ನಡೆದೇ ಹೋಗಿ ಬಂದಳು. ಮುಂದೆ ಕನ್ನಡ ಹೈಸ್ಕೂಲು ಬೇಕೆಂದರೆ ಬಸ್ ಹತ್ತಬೇಕು. ಅದೇ ಹೊತ್ತಿಗೆ ಇಂಗ್ಲಿಷ್ ಶಾಲೆಯ ವ್ಯಾನು ಮನೆ ಬಾಗಿಲಿಗೇ ಬರುತ್ತದೆ. ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಎಷ್ಟೋ ಮನೆಗಳಲ್ಲಿ ಮಾಧ್ಯಮದ ತೀರ್ಮಾನ ಆಗುವುದು ಈ ಹಂತದಲ್ಲಿ. ಆದ್ದರಿಂದ ಬಸ್ಸಿನ ವಿಷಯವೂ ನಮಗೆ ಶಾಲೆಯ ವಿಷಯವೇ.

ಮೊದಲು ನಮ್ಮ ಮಕ್ಕಳಿಗೆ ಏನಿದೆ ನೋಡೋಣ. ಮಹಾರಾಷ್ಟ್ರ ರಾಜ್ಯ ಸಾರಿಗೆ, ಅಂದರೆ ನಾವು ದಿನಾ ಹತ್ತುವ ಎಸ್‌ಟಿ, ವಿದ್ಯಾರ್ಥಿಗಳ ಮಾಸಿಕ ಪಾಸಿಗೆ ಮೂರರಲ್ಲಿ ಎರಡು ಪಾಲು ರಿಯಾಯಿತಿ ಕೊಡುತ್ತದೆ. ಪುಣ್ಯಶ್ಲೋಕ ಅಹಿಲ್ಯಾಬಾಯಿ ಹೋಳ್ಕರ ಯೋಜನೆಯಲ್ಲಿ 5ರಿಂದ 12ನೇ ತರಗತಿಯವರೆಗಿನ ಹೆಣ್ಣುಮಕ್ಕಳಿಗೆ ಪಾಸು ಪೂರ್ತಿ ಉಚಿತ. ಶಾಲೆ ಯಾವ ಮಾಧ್ಯಮದ್ದು ಎಂದು ಪಾಸು ಕೇಳುವುದಿಲ್ಲ. 2024ರ ಜೂನ್‌ನಿಂದ ಪಾಸನ್ನು ಶಾಲೆಯಲ್ಲೇ ಕೊಡುವ ವ್ಯವಸ್ಥೆಯೂ ಬಂದಿದೆ. ಮುಖ್ಯಾಧ್ಯಾಪಕರು ಮಕ್ಕಳ ಯಾದಿಯನ್ನು ಡಿಪೋಗೆ ಕೊಟ್ಟರೆ ಎಸ್‌ಟಿ ಸಿಬ್ಬಂದಿ ಶಾಲೆಗೆ ಬಂದು ಪಾಸು ಮಾಡಿಕೊಡಬೇಕು. ನಿಮ್ಮ ಶಾಲೆಯಿಂದ ಯಾದಿ ಹೋಗಿದೆಯೇ ಎಂದು ಕೇಳಿದ್ದೀರಾ?

ಇದರ ಬೆಲೆ ಸಣ್ಣದಲ್ಲ. ಒಂದು ಬದಿಗೆ 20 ರೂಪಾಯಿ ಟಿಕೆಟ್ ಎಂದು ಇಟ್ಟುಕೊಳ್ಳಿ. ತಿಂಗಳಿಗೆ 25 ದಿನ ಹೋಗಿ ಬಂದರೆ 1,000 ರೂಪಾಯಿ. 2025ರ ಜನವರಿ 25ರಿಂದ ಎಸ್‌ಟಿ ದರ ಶೇ. 14.95 ಏರಿದ ಮೇಲೆ ಪಾಸಿಲ್ಲದೆ ಮಗುವನ್ನು ಕಳಿಸುವುದು ಕೂಲಿ ಮಾಡುವ ಮನೆಗೆ ಆಗದ ಮಾತು.

ಆದರೆ ಪಾಸು ಇದ್ದರೆ ಸಾಲದು, ಬಸ್ಸೂ ಬರಬೇಕು. ಹಳ್ಳಿಯಲ್ಲಿ ರಾತ್ರಿ ನಿಂತು ಬೆಳಗ್ಗೆ ಹೊರಡುವ ವಸ್ತಿ ಬಸ್ಸೊಂದು ತಪ್ಪಿದರೆ ಮಗುವಿನ ಆ ದಿನದ ಪಾಠ ಹೋಯಿತು. ಸಂಜೆ ಶಾಲೆ ಬಿಡುವ ಮೊದಲೇ ಬಸ್ಸು ಹೋದರೆ ಕೊನೆಯ ತಾಸಿನ ಪಾಠ ಹೋಯಿತು. ಇಲ್ಲವೇ ಕತ್ತಲಾಗುವವರೆಗೆ ಸ್ಟ್ಯಾಂಡಿನಲ್ಲಿ ಕಾಯಬೇಕು. ಹುಡುಗನಾದರೆ ಯಾರದೋ ಬೈಕು ಹಿಡಿದು ಬಂದಾನು. ಹುಡುಗಿಯಾದರೆ ಶಾಲೆಯನ್ನೇ ಬಿಡಿಸುತ್ತೇವೆ. 2021ರ ಅಕ್ಟೋಬರ್ ಕೊನೆಯಿಂದ 2022ರ ಏಪ್ರಿಲ್‌ವರೆಗೆ ಎಸ್‌ಟಿ ನೌಕರರ ಮುಷ್ಕರ ನಡೆದಾಗ, ಬಸ್ಸನ್ನೇ ನಂಬಿದ ಹಳ್ಳಿಗೆ ಬೇರೆ ದಾರಿ ಎಷ್ಟು ಕಡಿಮೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ.

ಇನ್ನೊಂದು ತೊಡಕು ಗಡಿಯದು. ಹತ್ತನೆಯದು ಮುಗಿದ ಮೇಲೆ ಕನ್ನಡದಲ್ಲೇ ಮುಂದೆ ಓದಲು ಎಷ್ಟೋ ಮಕ್ಕಳು ವಿಜಯಪುರ, ಕಲಬುರಗಿ, ಅಥಣಿ ಕಡೆಗೆ ಹೋಗುತ್ತಾರೆ. ಎಸ್‌ಟಿ ರಿಯಾಯಿತಿ ಮಹಾರಾಷ್ಟ್ರದ ಗಡಿಗೆ ನಿಲ್ಲುತ್ತದೆ. ಆಚೆ ಕರ್ನಾಟಕದ ಬಸ್ಸಿನಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಆದರೆ ಅದು ಕರ್ನಾಟಕದ ವಿಳಾಸ ಇರುವ ಹೆಣ್ಣುಮಕ್ಕಳಿಗೆ ಮಾತ್ರ. ಜತ್ತ ತಾಲೂಕಿನ ವಿಳಾಸದ ಆಧಾರ್ ತೋರಿಸಿದರೆ ಟಿಕೆಟ್ ತೆಗೆಯಲೇಬೇಕು. ಹೀಗೆ ಎರಡೂ ಸರಕಾರಗಳು ಹುಡುಗಿಯರ ಓದಿಗೆ ಬಸ್ಸು ಪುಕ್ಕಟೆ ಮಾಡಿವೆ. ಗಡಿ ದಾಟಿ ಕನ್ನಡ ಓದುವ ಹುಡುಗಿ ಮಾತ್ರ ಎರಡರಿಂದಲೂ ಹೊರಗುಳಿದಿದ್ದಾಳೆ. ತೆಲಂಗಾಣದ ಮಹಾಲಕ್ಷ್ಮಿ ಯೋಜನೆಯೂ ಆ ರಾಜ್ಯದವರಿಗೇ ಆದದ್ದರಿಂದ ಅಲ್ಲಿನ ಗಡಿಯಲ್ಲೂ ಪಾಡು ಬೇರೆಯಿಲ್ಲ.

ಮೇಲಾಗಿ, ಗಡಿ ದಾಟುವ ಬಸ್ಸು ಯಾವಾಗ ನಿಂತೀತು ಹೇಳಲಾಗದು. 2025ರ ಫೆಬ್ರುವರಿಯಲ್ಲಿ ಬೆಳಗಾವಿ ಬಳಿ ಭಾಷೆಯ ವಿಷಯಕ್ಕೆ ಕಂಡಕ್ಟರ್ ಮೇಲೆ ಹಲ್ಲೆಯಾಯಿತು. ಚಿತ್ರದುರ್ಗದಲ್ಲಿ ಮಹಾರಾಷ್ಟ್ರದ ಬಸ್ಸಿನ ಮೇಲೆ ದಾಳಿಯಾಯಿತು. ಎರಡು ರಾಜ್ಯಗಳ ನಡುವಿನ ಬಸ್ಸು ಕೆಲವು ದಿನ ನಿಂತಿತು. ಇಲ್ಲಿ ಹತ್ತನೆಯ ಪರೀಕ್ಷೆ ಶುರುವಾದದ್ದೂ ಅದೇ ಫೆಬ್ರುವರಿ 21ರಂದು. ಜಗಳ ಆಡಿದವರು ಯಾರೋ, ದಾರಿ ಕಾದವರು ಎರಡೂ ಭಾಷೆ ಬಲ್ಲ ನಮ್ಮ ಗಡಿಯ ಜನ.

ಹಾಗಾದರೆ ನಾವು ಮಾಡಬಹುದಾದದ್ದೇನು? ರಿಯಾಯಿತಿಯ ಹಣವನ್ನು ಸರಕಾರ ಎಸ್‌ಟಿಗೆ ತುಂಬಿಕೊಡುತ್ತದೆ. ಅಂದರೆ ಪಾಸಿನ ಮಕ್ಕಳು ಬಸ್ಸಿಗೆ ಹೊರೆಯಲ್ಲ, ಆ ಮಾರ್ಗದ ಪ್ರಯಾಣಿಕರೇ. ನಾಲ್ಕು ದಿನ ಬಸ್ ತಡವಾಯಿತೆಂದು ಮಕ್ಕಳನ್ನು ವಡಾಪ್ ಜೀಪಿಗೆ ಹತ್ತಿಸಿದರೆ ಬಸ್ಸು ಖಾಲಿ ಓಡುತ್ತದೆ. ಖಾಲಿ ಓಡುವ ಬಸ್ಸನ್ನು ಡಿಪೋ ಉಳಿಸಿಕೊಳ್ಳುವುದಿಲ್ಲ. ಆದ್ದರಿಂದ ಪಾಸು ತೆಗೆಸಿ, ಅದೇ ಬಸ್ಸಿಗೆ ಕಳಿಸಿ.

ವೇಳೆ ಹೊಂದದಿದ್ದರೆ ಬಾಯಿಮಾತಿನ ದೂರು ಸಾಲದು. ಯಾವ ಊರಿನಿಂದ ಎಷ್ಟು ಮಕ್ಕಳು, ಶಾಲೆ ಶುರುವಾಗುವುದು ಎಷ್ಟಕ್ಕೆ, ಬಿಡುವುದು ಎಷ್ಟಕ್ಕೆ ಎಂದು ಮರಾಠಿಯಲ್ಲಿ ಅರ್ಜಿ ಬರೆಯಿಸಿ. ಮುಖ್ಯಾಧ್ಯಾಪಕರ, ಸರಪಂಚರ ಸಹಿ ಹಾಕಿಸಿ ಡಿಪೋ ಮ್ಯಾನೇಜರಿಗೆ ಕೊಟ್ಟು, ಪ್ರತಿಯ ಮೇಲೆ ಪೋಚ್ ಪಡೆಯಿರಿ. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲೇ ಇದು ಆಗಲಿ. ಮಗುವನ್ನು ಗಡಿಯಾಚೆಯ ಕಾಲೇಜಿಗೆ ಹಾಕುವವರು ಫೀ ಕಟ್ಟುವ ಮೊದಲು ಅಲ್ಲಿನ ಡಿಪೋದಲ್ಲಿ, ನಮ್ಮ ಊರಿನ ವಿಳಾಸಕ್ಕೆ ವಿದ್ಯಾರ್ಥಿ ಪಾಸು ಸಿಗುತ್ತದೆಯೇ, ಎಲ್ಲಿಯವರೆಗೆ ನಡೆಯುತ್ತದೆ ಎಂದು ಕೇಳಿಕೊಳ್ಳಿ.

ದೊಡ್ಡ ಬೇಡಿಕೆಯೊಂದೇ ಉಳಿಯುತ್ತದೆ: ಗಡಿಯ ಕನ್ನಡ ವಿದ್ಯಾರ್ಥಿಗೆ ಮನೆಯಿಂದ ತರಗತಿಯವರೆಗೆ ಒಂದೇ ಪಾಸು, ಎರಡೂ ರಾಜ್ಯದ ಬಸ್ಸಿನಲ್ಲಿ. ಅದನ್ನು ಕೊಡಬೇಕಾದವರು ಮುಂಬೈ ಮತ್ತು ಬೆಂಗಳೂರಿನಲ್ಲಿದ್ದಾರೆ. ಚುನಾವಣೆಗೆ ನಿಮ್ಮ ಊರಿಗೆ ಬಂದವರಿಗೆ ಮೊದಲು ಇದನ್ನೇ ಕೇಳಿ.